ಹುಳುಕು ಹಲ್ಲಿಗೆ ಲೇಸರ್: ಆಮ್ಲಕ್ಕಿನ್ನೂ ಬಿಡುವಿಲ್ಲ

ಹುಳುಕು ಹಲ್ಲಿಗೆ ಹಲ್ಲಿನದೇ ಬಣ್ಣದ ಕಾಂಪೊಸಿಟ್ ತುಂಬುವ ಮೊದಲು ದಂತವೈದ್ಯರು ಸಾಮಾನ್ಯವಾಗಿ ನೀಲಿ ಲೋಳೆಯೊಂದನ್ನು ಹಚ್ಚಿ ತೊಳೆಯುತ್ತಾರೆ. ಅದು ಸುಮಾರು ಶೇ. 37ರ ಫಾಸ್ಫಾರಿಕ್ ಆಮ್ಲ. ಹಲ್ಲಿನ ಹೊರಕವಚವಾದ ಎನಾಮೆಲ್ ತೂಕದಲ್ಲಿ ಶೇ. 96ರಷ್ಟು ಖನಿಜ, ಬಲು ನುಣುಪು. ನುಣುಪು ಗೋಡೆಗೆ ಗಾರೆ ಹಿಡಿಯದೆಂದು ಮೇಸ್ತ್ರಿ ಅದನ್ನು ಕೊಚ್ಚಿ ಒರಟು ಮಾಡುವುದಿಲ್ಲವೇ? ಆಮ್ಲವೂ 15ರಿಂದ 30 ಸೆಕೆಂಡುಗಳಲ್ಲಿ ಕಣ್ಣಿಗೆ ಕಾಣದ ಕುಳಿಗಳನ್ನು ಮಾಡುತ್ತದೆ. ಅಂಟು ಅವುಗಳೊಳಗೆ ಇಳಿದು ಗಟ್ಟಿಯಾಗುತ್ತದೆ. 1955ರಲ್ಲಿ ಅಮೆರಿಕದ ಮೈಕೆಲ್ ಬ್ಯೂನೊಕೋರ್ ತೋರಿಸಿಕೊಟ್ಟ ಉಪಾಯವಿದು.

ಈ ಕೆಲಸವನ್ನು ಲೇಸರ್ ಮಾಡಬಲ್ಲದೇ? 1960ರ ದಶಕದಲ್ಲಿ ಮಾಣಿಕ್ಯದ ಲೇಸರನ್ನು ಪ್ರಯೋಗಿಸಿದಾಗ ಶಾಖ ಹಲ್ಲಿನ ತಿರುಳಿಗೂ ತಟ್ಟಿತು. ಎರ್ಬಿಯಂ ಲೇಸರಿನ ರೀತಿ ಬೇರೆ. ಅದರ 2.94 ಮೈಕ್ರಾನ್ ತರಂಗಾಂತರದ ಕಿರಣವನ್ನು ನೀರು ಬಲವಾಗಿ ಹೀರುತ್ತದೆ. ಎನಾಮೆಲ್‌ನಲ್ಲಿರುವ ಅಷ್ಟಿಷ್ಟು ನೀರು ತಟಕ್ಕನೆ ಆವಿಯಾಗಿ ಸಿಡಿದು ಮೇಲ್ಮೈ ತರಿತರಿಯಾಗುತ್ತದೆ. ಜೊತೆಗೆ ಚಿಮ್ಮುವ ನೀರಿನ ತುಂತುರು ಹಲ್ಲನ್ನು ತಂಪಾಗಿಡುತ್ತದೆ. ಹಲ್ಲು ಕೊರೆಯಲು ಇದನ್ನು ಬಳಸಲು ಅಮೆರಿಕದಲ್ಲಿ 1997ರಲ್ಲಿ ಅನುಮತಿ ಸಿಕ್ಕಿತು. ಡ್ರಿಲ್ಲಿನ ಅದುರಾಟವಿಲ್ಲ, ಹೆದರುವ ಮಕ್ಕಳಿಗೆ ಅದೇ ದೊಡ್ಡ ಸಮಾಧಾನ.

ಆದರೆ ತರಿಯಾದ ಮಾತ್ರಕ್ಕೆ ಹಿಡಿತ ಗಟ್ಟಿಯಾಗದು. ಲೇಸರ್ ತಾಗಿದ ಪದರದಡಿ ಸೂಕ್ಷ್ಮ ಬಿರುಕುಗಳು ಉಳಿದು, ಅಂಟು ಅಲ್ಲಿಂದಲೇ ಕಿತ್ತುಬರಬಹುದು. ಆದ್ದರಿಂದಲೇ ಲೇಸರ್ ಬಳಸಿದ ಮೇಲೂ ಎನಾಮೆಲ್‌ಗೆ ಆಮ್ಲ ಹಚ್ಚುವ ರೂಢಿ ಉಳಿದಿದೆ. ‘ಲೇಸರ್ ಇದೆ, ಆಮ್ಲ ಬೇಡ’ ಎಂದರೆ ಏಕೆಂದು ಸಂಕೋಚವಿಲ್ಲದೆ ಕೇಳಿ. ರಕ್ಷಣೆಯ ಕನ್ನಡಕ ಹಾಕಿಸಿಕೊಳ್ಳದೆ ಕುರ್ಚಿಯಲ್ಲಿ ಒರಗಬೇಡಿ. ಅಂಟು ಹಚ್ಚುವಾಗ ಜೊಲ್ಲು ತಾಗಿದರೆ ಯಾವ ವಿಧಾನವಾದರೂ ಕೆಡುತ್ತದೆ. ಬಾಯಲ್ಲಿಟ್ಟ ಹತ್ತಿಯನ್ನು ನಾಲಿಗೆಯಿಂದ ತಳ್ಳಬೇಡಿ.