ಇಟಲಿಯ ರೇಷ್ಮೆ ಕಲಿಸಿದ ಪಾಠ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಕಡೆ ಅಡಿಕೆ, ಭತ್ತ, ಜಗಳೂರಿನಲ್ಲಿ ಮೆಕ್ಕೆಜೋಳ. ಇವುಗಳ ಜೊತೆಗೆ ಒಂದೆರಡು ಎಕರೆಯಲ್ಲಿ ಹಿಪ್ಪುನೇರಳೆ ಹಾಕಿದವರೂ, ಹಾಕಬೇಕೆಂದಿರುವವರೂ ಇಟಲಿ ದೇಶದ ರೇಷ್ಮೆಯ ಕಥೆ ತಿಳಿದಿರುವುದು ಒಳ್ಳೆಯದು. ಅದು ದೂರದ ಕಥೆಯಾದರೂ ನಿಮ್ಮ ಹುಳು ಮನೆಗೆ ಸಂಬಂಧಪಟ್ಟದ್ದು.

1147ರಲ್ಲಿ ಸಿಸಿಲಿಯ ದೊರೆ ಎರಡನೆಯ ರೋಜರ್ ಗ್ರೀಸಿನಿಂದ ರೇಷ್ಮೆ ನೇಯುವವರನ್ನು ಪಲೆರ್ಮೊ ನಗರಕ್ಕೆ ತಂದ. ಮುಂದೆ ಲುಕ್ಕಾ, ವೆನಿಸ್, ಫ್ಲಾರೆನ್ಸ್, ಜಿನೋವಾ ನಗರಗಳು ರೇಷ್ಮೆ ಬಟ್ಟೆಯಿಂದ ಸಿರಿವಂತವಾದವು. ಉತ್ತರ ಇಟಲಿಯ ರೈತರು ಹೊಲದ ಬದುಗಳಲ್ಲಿ ಹಿಪ್ಪುನೇರಳೆ ಮರ ಬೆಳೆಸಿದರು. ಹುಳು ಸಾಕುವ ಕೆಲಸದ ಬಹುಪಾಲು ಹೆಂಗಸರದು. ಜೋಳ, ಗೋಧಿ ಕೈಗೆ ಬರುವ ಮೊದಲೇ ಮನೆಗೆ ರೊಕ್ಕ ಕೊಡುತ್ತಿದ್ದುದು ಗೂಡು.

ಇಂತಹ ಕಸಬಿಗೆ ಎರಡು ರೋಗಗಳು ಕಾಡಿದವು. ಮೊದಲನೆಯದು ಸುಣ್ಣಕಟ್ಟು ರೋಗ. ಲೋಡಿ ಪಟ್ಟಣದ ಕಡೆಯ ಅಗೊಸ್ಟಿನೊ ಬಸ್ಸಿ 1807ರಿಂದ ವರ್ಷಾನುಗಟ್ಟಲೆ ಪ್ರಯೋಗ ನಡೆಸಿದರು. ಸತ್ತ ಹುಳುವಿನ ಅಂಶವನ್ನು ಸೂಜಿಯ ಮೊನೆಯಿಂದ ಆರೋಗ್ಯವಾದ ಹುಳುವಿಗೆ ಚುಚ್ಚಿ, ರೋಗಕ್ಕೆ ಕಾರಣ ಒಂದು ಶಿಲೀಂಧ್ರವೆಂದು 1835ರಲ್ಲಿ ಪ್ರಕಟಿಸಿದರು. ಆ ಶಿಲೀಂಧ್ರಕ್ಕೆ ಅವರದೇ ಹೆಸರು: ಬ್ಯುವೇರಿಯಾ ಬಸ್ಸಿಯಾನ. ಇಂದು ಅಂಗಡಿಯಲ್ಲಿ ಜೈವಿಕ ಕೀಟನಾಶಕವೆಂದು ಸಿಗುವುದೂ ಇದೇ. ಪಕ್ಕದ ಬೆಳೆಗೆ ಇದನ್ನು ಸಿಂಪಡಿಸಿದರೆ ನಿಮ್ಮ ಹುಳುವಿಗೂ ಅಪಾಯವುಂಟು. ಆದ್ದರಿಂದ ಹಿಪ್ಪುನೇರಳೆ ತೋಟದ ಹತ್ತಿರ ಇದನ್ನು ಬಳಸಬೇಡಿ, ನೆರೆಯವರಿಗೂ ಹೇಳಿಡಿ.

ಎರಡನೆಯದು ಗಂಟು ರೋಗ. ಇದು ತಾಯಿ ಚಿಟ್ಟೆಯಿಂದ ಮೊಟ್ಟೆಗೆ ಇಳಿಯುತ್ತದೆ. ಹುಳುಗಳು ಸಮನಾಗಿ ಬೆಳೆಯುವುದಿಲ್ಲ; ಮೈಮೇಲೆ ಮೆಣಸಿನ ಪುಡಿ ಚೆಲ್ಲಿದಂತೆ ಕಪ್ಪು ಚುಕ್ಕೆ ಕಾಣಬಹುದು. ಮದ್ದಿಲ್ಲ. 1850ರ ದಶಕದಲ್ಲಿ ಇದು ಇಟಲಿಯ ಬೆಳೆಯನ್ನು ಹಾಳುಗೆಡವಿತು. ರೋಗವಿಲ್ಲದ ಮೊಟ್ಟೆಗಾಗಿ ಅಲ್ಲಿನ ವರ್ತಕರು ಜಪಾನಿನವರೆಗೆ ಹೋದರು. ಆಗ ಮೈಸೂರು ಸೀಮೆಯ ಹುಳುವಿಗೂ ರೋಗ ತಗುಲಿತ್ತು. 1866ರ ಸುಮಾರಿಗೆ ಡಿ ವೆಕ್ಕಿ ಎಂಬ ಇಟಲಿಯವರು ಜಪಾನಿನ ಮೊಟ್ಟೆ ತರಿಸಿ ಇಲ್ಲಿ ತಳಿ ಸುಧಾರಿಸಲು ಯತ್ನಿಸಿದರು.

ದಾರಿ ತೋರಿದವರು ಫ್ರಾನ್ಸಿನ ಲೂಯಿ ಪಾಶ್ಚರ್. ಮೊಟ್ಟೆಯಿಟ್ಟ ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡುವುದು. ರೋಗಾಣು ಕಂಡರೆ ಅದರ ಮೊಟ್ಟೆ ಸುಡುವುದು. ಇಷ್ಟೇ ಉಪಾಯ. ಇಟಲಿಯ ರೇಷ್ಮೆ ಮತ್ತೆ ಚೇತರಿಸಿತು. ಮೈಸೂರು ಸರ್ಕಾರ ಇಟಲಿಯ ತಜ್ಞ ವಾಷಿಂಗ್ಟನ್ ಮಾರಿ ಅವರನ್ನು ಕರೆಸಿಕೊಂಡಿತು. 1914ರಲ್ಲಿ ಚನ್ನಪಟ್ಟಣದಲ್ಲಿ ರೇಷ್ಮೆ ಕ್ಷೇತ್ರ ಆರಂಭವಾಯಿತು. ನಮ್ಮ ಬಿತ್ತನೆ ಕೋಠಿಗಳಲ್ಲಿ ಇಂದಿಗೂ ತಾಯಿ ಚಿಟ್ಟೆಯ ಪರೀಕ್ಷೆ ನಡೆಯುತ್ತದೆ.

ಆದುದರಿಂದ ಈ ಕೆಲವು ಮಾತುಗಳನ್ನು ನೆನಪಿಡಿ.

ಪರೀಕ್ಷಿಸಿದ ರೋಗರಹಿತ ಮೊಟ್ಟೆಯನ್ನು ಸರ್ಕಾರಿ ಅಥವಾ ನೋಂದಾಯಿತ ಕೋಠಿಯಿಂದಲೇ ತನ್ನಿ. ಅಗ್ಗವೆಂದು ಸಿಕ್ಕಸಿಕ್ಕಲ್ಲಿ ಕೊಳ್ಳಬೇಡಿ. ಬೆಳೆ ಮುಗಿದ ಮೇಲೆ ಮನೆ, ತಟ್ಟೆ, ಚಂದ್ರಿಕೆಗಳನ್ನು ತೊಳೆದು, ಶೇಕಡಾ 0.3ರ ಸುಣ್ಣದ ನೀರಿನಲ್ಲಿ ಶೇಕಡಾ 2ರ ಬ್ಲೀಚಿಂಗ್ ಪುಡಿ ಕಲಸಿ ಸೋಂಕು ನಿವಾರಿಸಿ. ಹುಳು ಜ್ವರಕ್ಕೆ ಕೂತಾಗ ಹಾಸಿಗೆಯ ಮೇಲೆ ಸುಣ್ಣದ ಪುಡಿ ಉದುರಿಸಿ. ಸತ್ತ ಹುಳುವನ್ನು ಬಿಳಿ ಬೂಷ್ಟು ಬರುವ ಮೊದಲೇ ಆರಿಸಿ ಸುಟ್ಟುಬಿಡಿ, ತಿಪ್ಪೆಗೆ ಎಸೆಯಬೇಡಿ.

ಎರಡನೆಯ ಮಹಾಯುದ್ಧದ ನಂತರ ಇಟಲಿಯ ಹಳ್ಳಿಗರು ಕಾರ್ಖಾನೆ ಕೆಲಸಕ್ಕೆ ಹೋದರು, ಹುಳು ಸಾಕಣೆ ಕುಗ್ಗಿತು. ಕೋಮೊ ನಗರದ ಹೆಸರಾಂತ ಗಿರಣಿಗಳು ಈಗ ನೂಲಿಗೆ ಹೆಚ್ಚಾಗಿ ಚೀನಾವನ್ನು ನಂಬಿವೆ. ಹುಳುವಿನ ರೋಗವನ್ನು ಗೆದ್ದ ದೇಶವೂ ಸಾಕುವ ಕೈಗಳಿಲ್ಲದೆ ಸೋತಿತು. ನಮ್ಮಲ್ಲಿ ಆ ಕೈಗಳು ಇನ್ನೂ ಇವೆ. ಅವರ ದುಡಿಮೆ ಒಂದು ಕೆಟ್ಟ ಮೊಟ್ಟೆಯಿಂದ ಮಣ್ಣುಪಾಲಾಗದಂತೆ ನೋಡಿಕೊಳ್ಳುವುದು ನಿಮ್ಮ ಕೈಯಲ್ಲಿದೆ.