ರಾಯಚೂರು ಸೀಮೆಯ ಆಡುನುಡಿಯಲ್ಲಿ ನೆರೆಧ್ವನಿಗಳ ಪ್ರಭಾವ

ಮಾತಿನಲ್ಲಿ ಯಾವ ಧ್ವನಿಯೂ ಒಂಟಿಯಾಗಿ ನಿಲ್ಲುವುದಿಲ್ಲ. ಹಿಂದು ಮುಂದಿನ ಧ್ವನಿಗಳಿಗೆ ಹೊಂದಿಕೊಳ್ಳುತ್ತ ಅದರ ಉಚ್ಚಾರಣೆ ಬದಲಾಗುತ್ತದೆ. ಇಂಗ್ಲಿಷಿನ 'ಹ್ಯಾಂಡ್‌ಬ್ಯಾಗ್' ಆಡುಮಾತಿನಲ್ಲಿ 'ಹ್ಯಾಮ್‌ಬ್ಯಾಗ್' ಆಗುವುದೂ ಕನ್ನಡದ 'ಕಣ್' ಮತ್ತು 'ಪನಿ' ಸೇರಿ 'ಕಂಬನಿ' ಆಗುವುದೂ ಒಂದೇ ಬಗೆಯ ವ್ಯಾಪಾರ. ಎರಡರಲ್ಲಿಯೂ ಅನುನಾಸಿಕವು ಮುಂದಿನ ಓಷ್ಠ್ಯಕ್ಕೆ ಹೊಂದಿಕೊಂಡು ಮಕಾರವಾಗಿದೆ. ಹದಿಮೂರನೆಯ ಶತಮಾನದ ಕೇಶಿರಾಜನು 'ಶಬ್ದಮಣಿದರ್ಪಣ'ದಲ್ಲಿ ಸಂಧಿಪ್ರಕರಣವನ್ನೇ ರಚಿಸಿ ಇಂತಹ ಮಾರ್ಪಾಡುಗಳನ್ನು ನಿರೂಪಿಸಿದ್ದಾನೆ.

ಕೃಷ್ಣಾ ತುಂಗಭದ್ರೆಯರ ನಡುವಿನ ರಾಯಚೂರು, ದೇವದುರ್ಗ, ಮಾನ್ವಿ ಭಾಗದ ಜನಬಳಕೆಯ ನುಡಿಯಲ್ಲಿ ಸ್ವರಗಳ ಮೇಲಿನ ಪ್ರಭಾವ ವಿಶೇಷವಾಗಿ ಗಮನಾರ್ಹ. 'ಬೇಡ' ಎಂಬುದು 'ಬ್ಯಾಡ' ಆಗುತ್ತದೆ. ಆದರೆ 'ಬೇಡು' ಹಾಗೆಯೇ ಉಳಿಯುತ್ತದೆ. 'ತೋಳ' 'ತ್ವಾಳ' ಆಗುತ್ತದೆ, 'ತೋಳು' ಆಗುವುದಿಲ್ಲ. 'ಜೋಳ' 'ಜ್ವಾಳ'ವಾದರೂ 'ಕೋಳಿ' ಕೋಳಿಯೇ. ಕಾರಣ ಸ್ಪಷ್ಟ. ಮುಂದಿನ ಅಕ್ಷರದಲ್ಲಿ ಅ, ಎ ಮೊದಲಾದ ವಿವೃತ ಸ್ವರವಿದ್ದರೆ ಏಕಾರ ಓಕಾರಗಳು ಬಾಯ್ದೆರೆಯುತ್ತವೆ. ಇ, ಉ ಸ್ವರಗಳಿದ್ದರೆ ಮೂಲರೂಪದಲ್ಲಿಯೇ ನಿಲ್ಲುತ್ತವೆ.

ಹಾಗಾದರೆ 'ಪ್ಯಾಟಿ', 'ಗ್ವಾಡಿ' ಎಂಬ ರೂಪಗಳು ಹೇಗೆ ಬಂದವು? ಅಲ್ಲಿ ಮುಂದಿನ ಸ್ವರ ಇಕಾರವಲ್ಲವೇ? ಇವುಗಳ ಮೂಲ 'ಪೇಟೆ', 'ಗೋಡೆ'. ಕೊನೆಯ ಎಕಾರ ಇದ್ದಾಗಲೇ ಮೊದಲ ಸ್ವರ ವಿವೃತಗೊಂಡು, ಆ ಬಳಿಕ 'ಮನೆ' 'ಮನಿ'ಯಾದಂತೆ ಎಕಾರವು ಇಕಾರವಾಯಿತು ಎಂದು ತಿಳಿದರೆ ಸಮಸ್ಯೆ ಪರಿಹಾರವಾಗುತ್ತದೆ. ಪ್ರಭಾವ ಬೀರಿದ ಧ್ವನಿ ಅಳಿದರೂ ಅದರ ಗುರುತು ಪದದಲ್ಲಿ ಉಳಿದಿದೆ. ಹೀಗೆ ಗ್ರಾಮ್ಯವೆಂದು ತಿದ್ದಲಾಗುವ ಉಚ್ಚಾರಣೆಯೇ ಭಾಷಾಚರಿತ್ರೆಯ ಪೂರ್ವಾಪರಕ್ಕೆ ಸಾಕ್ಷಿಯಾಗುತ್ತದೆ.

ನಡುವಿನ ಸ್ವರದ ಲೋಪ ಮತ್ತೊಂದು ಪ್ರಕ್ರಿಯೆ. 'ಮಾನವಿ' 'ಮಾನ್ವಿ'ಯಾದುದಕ್ಕೆ ಊರಿನ ಹೆಸರೇ ನಿದರ್ಶನ. ಸ್ವರ ಲೋಪವಾದಾಗ ಎರಡು ವ್ಯಂಜನಗಳು ಎದುರುಬದುರಾಗಿ ಹೊಸ ಹೊಂದಾಣಿಕೆಗೆ ಎಡೆಯಾಗುತ್ತದೆ. 'ನೋಡುತ್ತಾನೆ' ಎಂಬುದು 'ನೋಡ್ತಾನ' ಆಗಿ, ವೇಗದ ಮಾತಿನಲ್ಲಿ ಡಕಾರವು ಮುಂದಿನ ತಕಾರದ ಪ್ರಭಾವದಿಂದ ಘೋಷ ಕಳೆದುಕೊಂಡು 'ನೋಟ್ತಾನ' ಎಂದು ಕೇಳಿಸುತ್ತದೆ.

ಜಾನಪದ ಸಂಗ್ರಹಕಾರ್ಯಕ್ಕೆ ಈ ವಿವೇಚನೆ ಅತ್ಯಗತ್ಯ. ಹಾಡಿನ 'ಬರ್ತೀನಿ'ಯನ್ನು 'ಬರುತ್ತೇನೆ' ಎಂದು ಗ್ರಾಂಥಿಕಗೊಳಿಸಿದರೆ ಐದು ಮಾತ್ರೆಗಳು ಆರಾಗುತ್ತವೆ; ಮೊದಲ ಅಕ್ಷರ ಗುರುವಿನಿಂದ ಲಘುವಾಗುತ್ತದೆ; ಎರಡನೆಯ ಅಕ್ಷರ 'ರ್ತೀ' ಹೋಗಿ 'ರು' ಬರುವುದರಿಂದ ದ್ವಿತೀಯಾಕ್ಷರ ಪ್ರಾಸವೂ ಕೆಡುತ್ತದೆ. ಹಾಡುಗಾರ್ತಿ ತಪ್ಪದ ಪ್ರಾಸವನ್ನು ಸಂಪಾದಕ ತಪ್ಪಿಸಿದಂತಾಗುತ್ತದೆ. ಆದ್ದರಿಂದ ಕೇಳಿದ ರೂಪವನ್ನೇ ಪಠ್ಯದಲ್ಲಿರಿಸಿ, ಶಿಷ್ಟರೂಪವನ್ನು ಅರ್ಥಕೋಶಕ್ಕೆ ಸೀಮಿತಗೊಳಿಸುವುದು ಯುಕ್ತವಾದ ಕ್ರಮ.