ಮೂರನೆಯ ಗಾಲಿ ಎಲ್ಲಿರಬೇಕು

ನಿಧಾನವಾಗಿ ಸಾಗುವ ಎರಡು ಗಾಲಿಯ ಸೈಕಲ್ ಬೀಳದಿರುವುದು ಸವಾರನ ದೇಹದ ಬಲದಿಂದಲೇ. ಸೈಕಲ್ ಯಾವ ಕಡೆಗೆ ವಾಲುತ್ತದೆಯೋ ಅದೇ ಕಡೆಗೆ ಹ್ಯಾಂಡಲನ್ನು ಕ್ಷಣಕ್ಷಣವೂ ತುಸುವೇ ತಿರುಗಿಸಿ, ಗಾಲಿಗಳನ್ನು ಮೈಭಾರದ ಅಡಿಗೆ ಮತ್ತೆ ಮತ್ತೆ ತಂದುಕೊಳ್ಳುವ ಕೆಲಸವನ್ನು ಕಣ್ಣು, ಒಳಕಿವಿ ಮತ್ತು ಸ್ನಾಯುಗಳು ಸೇರಿ ಮಾಡುತ್ತವೆ. ನಿಂತಾಗ ನೆಲಕ್ಕೆ ಊರುವ ಕಾಲೇ ಅದರ ಮೂರನೆಯ ಆಧಾರವಾಗುತ್ತದೆ. ಪೋಲಿಯೋದಿಂದ ಕಾಲು ಸೊರಗಿದವರಿಗೆ, ಲಕ್ವ ಹೊಡೆದು ದೇಹದ ಒಂದು ಪಾರ್ಶ್ವ ಸೋತವರಿಗೆ, ಬೆನ್ನುಹುರಿಗೆ ಪೆಟ್ಟಾದವರಿಗೆ ಇಲ್ಲವಾಗುವುದು ಪೆಡಲು ತುಳಿಯುವ ಕಸುವಿಗಿಂತ ಮೊದಲು ಈ ಆಧಾರ. ಆದುದರಿಂದ ಇಂಥವರಿಗಾಗಿ ರೂಪಿಸುವ ವಿದ್ಯುತ್ ಸೈಕಲ್ಲಿಗೆ ಮೋಟಾರು ಜೋಡಿಸುವುದು ಸುಲಭದ ಭಾಗ. ಆಸನ ಎಷ್ಟು ಎತ್ತರದಲ್ಲಿರಬೇಕು, ಗಾಲಿಗಳು ಎಲ್ಲಿರಬೇಕು, ಸವಾರನ ಯಾವ ಚಲನೆಯನ್ನು ಯಂತ್ರವು ಅಪ್ಪಣೆಯೆಂದು ಗ್ರಹಿಸಬೇಕು ಎಂಬುವೇ ಕಷ್ಟದ ಪ್ರಶ್ನೆಗಳು.

ಮುಂಬಯಿಯ ಪೂರ್ವ ಉಪನಗರ ವಿಕ್ರೋಳಿಯ ನೆಲವನ್ನು ಕಣ್ಣಮುಂದಿಟ್ಟುಕೊಂಡರೆ ಈ ಪ್ರಶ್ನೆಗಳು ಸ್ಪಷ್ಟವಾಗುತ್ತವೆ. ರೈಲುಹಳಿಯ ಪೂರ್ವಕ್ಕೆ ಟಾಗೋರ್ ನಗರ, ಕನ್ನಂವಾರ್ ನಗರಗಳ ಬಹುಮಟ್ಟಿಗೆ ಸಮತಟ್ಟಾದ ಬೀದಿಗಳಿವೆ. ಪಶ್ಚಿಮಕ್ಕೆ ಲಾಲ್ ಬಹದ್ದೂರ್ ಶಾಸ್ತ್ರಿ ಮಾರ್ಗವನ್ನು ದಾಟಿದರೆ ಪಾರ್ಕ್‌ಸೈಟಿನ ಏರು ತೊಡಗುತ್ತದೆ. ಎರಡೂ ಕಡೆಗಳನ್ನು ಬೆಸೆಯುವ ಸುಮಾರು 615 ಮೀಟರ್ ಉದ್ದದ ಮೇಲ್ಸೇತುವೆ 2025ರ ಜೂನ್‌ನಲ್ಲಿ ಸಂಚಾರಕ್ಕೆ ತೆರೆಯಿತು. ಮೋಟಾರು ವಾಹನದವರಿಗೆ ಸೇತುವೆಯ ಏರು ಲೆಕ್ಕಕ್ಕೇ ಬಾರದು. ಕೈಯಿಂದ ತಿರುಗಿಸುವ ತ್ರಿಚಕ್ರ ಸೈಕಲ್ಲಿನವರ ಪಾಲಿಗೆ ಮಾತ್ರ ಯಾವ ಏರೂ ಹಗುರವಲ್ಲ.

ಸವಾರ ಮತ್ತು ಗಾಡಿ ಸೇರಿ 120 ಕಿಲೋ ತೂಗುತ್ತಾರೆಂದು ಇಟ್ಟುಕೊಂಡರೆ, ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ 15 ಕಿಲೋಮೀಟರ್ ವೇಗಕ್ಕೆ ಸುಮಾರು 100 ವಾಟ್ ಸಾಮರ್ಥ್ಯ ಸಾಕು. ಪ್ರತಿ 20 ಮೀಟರಿಗೆ ಒಂದು ಮೀಟರ್ ಏರುವ ದಾರಿಯಲ್ಲಾದರೆ ಗಂಟೆಗೆ ಬರೀ 8 ಕಿಲೋಮೀಟರ್ ವೇಗಕ್ಕೇ ಸುಮಾರು 170 ವಾಟ್ ಬೇಕಾಗುತ್ತದೆ. ಕೈಗಳ ಗರಿಷ್ಠ ದುಡಿಮೆ ಕಾಲುಗಳ ದುಡಿಮೆಯ ಮೂರರಲ್ಲಿ ಎರಡು ಪಾಲಿನ ಆಸುಪಾಸು ಇರುವುದರಿಂದ, ಇಷ್ಟು ಸಾಮರ್ಥ್ಯವನ್ನು ರಟ್ಟೆಯಿಂದ ಬಹಳ ಹೊತ್ತು ನೀಡುವುದು ಸಾಮಾನ್ಯರಿಗೆ ಸಾಧ್ಯವಾಗದ ಮಾತು. ನ್ಯೂರೆಂಬರ್ಗಿನ ಗಡಿಯಾರ ಕುಶಲಕರ್ಮಿ ಸ್ಟೀಫನ್ ಫಾರ್ಫ್ಲರ್ 1655ರಲ್ಲಿ ತನಗಾಗಿ ರಚಿಸಿಕೊಂಡ, ಕೈಹಿಡಿಕೆ ತಿರುಗಿಸಿ ನಡೆಸುವ ಮೂರು ಗಾಲಿಯ ಕುರ್ಚಿಗೂ, ಇಂದಿಗೂ ನಮ್ಮ ಊರುಗಳಲ್ಲಿ ಕಾಣುವ ಕೈಚಾಲಿತ ತ್ರಿಚಕ್ರಕ್ಕೂ ಇದ್ದ ಮಿತಿ ಇದೇ.

ಈ ಕೊರತೆಯನ್ನು ತುಂಬುವ ಮೋಟಾರು ಸಾಮಾನ್ಯವಾಗಿ ಗಾಲಿಯ ಗುಂಬದೊಳಗೇ ಅಡಗಿರುತ್ತದೆ. ತಾಮ್ರದ ಸುರುಳಿಗಳಿಗೆ ಸರದಿಯಂತೆ ವಿದ್ಯುತ್ ಹರಿಸಿ, ಸುತ್ತಲಿನ ಅಯಸ್ಕಾಂತಗಳನ್ನು ತನ್ನ ಹಿಂದೆ ಎಳೆದುಕೊಳ್ಳುವ ಕಾಂತಕ್ಷೇತ್ರವನ್ನು ಉಂಟುಮಾಡುವುದು ಅದರ ತತ್ತ್ವ. ಯಾವ ಸುರುಳಿಗೆ ಯಾವಾಗ ಎಷ್ಟು ವಿದ್ಯುತ್ ಎಂಬುದನ್ನು ನಿಯಂತ್ರಕವೆಂಬ ಪುಟ್ಟ ಪೆಟ್ಟಿಗೆ ನಿರ್ಧರಿಸುತ್ತದೆ. ಗಾಲಿಯೊಂದಿಗೇ ಸುತ್ತುವ ನೇರ ಮೋಟಾರು ಏರಿನಲ್ಲಿ ನಿಧಾನವಾದಾಗ, ಬ್ಯಾಟರಿಯಿಂದ ಬಂದ ಶಕ್ತಿಯ ದೊಡ್ಡ ಪಾಲು ಚಲನೆಯಾಗದೆ ಸುರುಳಿಯಲ್ಲಿ ಬಿಸಿಯಾಗಿ ಕಳೆದುಹೋಗುತ್ತದೆ. ಒಳಗೆ ಹಲ್ಲುಗಾಲಿಗಳಿರುವ ಮೋಟಾರಿನಲ್ಲಿ ಗಾಲಿ ಒಂದು ಸುತ್ತು ಬರುವಷ್ಟರಲ್ಲಿ ಮೋಟಾರು ಹಲವು ಸುತ್ತು ತಿರುಗುವುದರಿಂದ, ನಿಧಾನದ ನಡಿಗೆಗೂ ಭಾರಕ್ಕೂ ಅದೇ ತಕ್ಕುದು. ಬ್ಯಾಟರಿಯ ಮಟ್ಟಿಗೆ ಹೇಳಬೇಕಾದದ್ದು ತೂಕವನ್ನು ಕುರಿತೇ: 360 ವಾಟ್‌ಗಂಟೆಯಷ್ಟು ಶಕ್ತಿಯನ್ನು ಹಿಡಿದಿಡಲು ಹಳೆಯ ಸೀಸ-ಆಮ್ಲದ ಬ್ಯಾಟರಿಗೆ ಹತ್ತು ಕಿಲೋ ಬೇಕಾದರೆ ಲಿಥಿಯಂ ಅಯಾನ್ ಬ್ಯಾಟರಿಗೆ ಮೂರು ಕಿಲೋ ಸಾಲುತ್ತದೆ, ಒಂದೇ ಕೈಯಿಂದ ಅದನ್ನು ಬಿಚ್ಚಿ ಮನೆಯೊಳಗೆ ಒಯ್ದು ಚಾರ್ಜಿಗೆ ಹಾಕಬೇಕಾದವರಿಗೆ ಈ ಅಂತರ ಬಲು ದೊಡ್ಡದು.

ಸವಾರನ ಇಚ್ಛೆಯನ್ನು ಯಂತ್ರವು ಅರಿಯುವ ಬಗೆಯಲ್ಲಿ ಇನ್ನೂ ಸೂಕ್ಷ್ಮವಾದ ವಿಚಾರವಿದೆ. ದುಬಾರಿ ವಿದ್ಯುತ್ ಸೈಕಲ್ಲುಗಳಲ್ಲಿ ಪೆಡಲಿನ ಮೇಲೆ ಬೀಳುವ ಒತ್ತಡವನ್ನು ಅಳೆಯುವ ಸಂವೇದಕವಿದ್ದು, ಒತ್ತಿದಷ್ಟಕ್ಕೆ ತಕ್ಕಂತೆ ಮೋಟಾರು ನೆರವಾಗುತ್ತದೆ; ಬಲವಾದ ಕಾಲುಗಳಿಗೆ ಇದು ಬಹು ಸಹಜವೆನಿಸುತ್ತದೆ. ಒಂದೇ ಕಾಲು ದುಡಿಯುವವರಿಗಾದರೋ, ಪ್ರತಿ ಸುತ್ತಿನ ಅರ್ಧದಲ್ಲಿ ನೆರವು ಏರಿ ಉಳಿದರ್ಧದಲ್ಲಿ ಇಳಿದು ಗಾಡಿ ಜಗ್ಗಿ ಜಗ್ಗಿ ನಡೆಯಬಹುದು, ಮತ್ತು ದುರ್ಬಲವಾದ ಕಾಲಿಗೆ ದುರ್ಬಲವಾದ ನೆರವೇ ದೊರೆಯುತ್ತದೆ. ಪೆಡಲು ತಿರುಗುತ್ತಿದೆಯೇ ಇಲ್ಲವೇ ಎಂಬುದನ್ನಷ್ಟೇ ನೋಡುವ ಅಗ್ಗದ ಸಂವೇದಕವೇ ಇಂಥವರಿಗೆ ಹೆಚ್ಚು ಹಿತ. ನಿಂತಲ್ಲಿಂದ ಹೊರಡುವಾಗ ಎರಡೂ ಉಪಯೋಗಕ್ಕೆ ಬಾರದಿರಬಹುದಾದ್ದರಿಂದ ಬೆರಳಿನಿಂದ ಒತ್ತುವ ವೇಗದ ಹಿಡಿಕೆಯೊಂದು ಇರಲೇಬೇಕು. ಯುರೋಪಿನಲ್ಲಿ ಸಾಮಾನ್ಯ ಸೈಕಲ್ಲಿನ ಗುಂಪಿಗೆ ಸೇರುವ ವಿದ್ಯುತ್ ಸೈಕಲ್ಲುಗಳಿಗೆ ಪೆಡಲು ತುಳಿಯದೆ ದೊರೆಯುವ ನೆರವು ಗಂಟೆಗೆ 6 ಕಿಲೋಮೀಟರಿಗೆ ಸೀಮಿತ. ಗಟ್ಟಿ ಕಾಲಿನವರನ್ನಷ್ಟೇ ನೆನೆದು ಮಾಡಿದ ಮಾನದಂಡವೆಂದೇ ಇದನ್ನು ಹೇಳಬೇಕಾಗುತ್ತದೆ. ಭಾರತದ ಕೇಂದ್ರ ಮೋಟಾರು ವಾಹನ ನಿಯಮಗಳು ಬೇರೆ ಅಳತೆ ಹಿಡಿದಿವೆ: ಮೋಟಾರಿನ ಸಾಮರ್ಥ್ಯ 250 ವಾಟ್‌ಗಿಂತ, ವೇಗ ಗಂಟೆಗೆ 25 ಕಿಲೋಮೀಟರಿಗಿಂತ ಕಡಿಮೆಯಿದ್ದು, ಬ್ಯಾಟರಿ ಬಿಟ್ಟು ತೂಕ 60 ಕಿಲೋ ಮೀರದ, ಮಾನ್ಯತೆ ಪಡೆದ ವಿದ್ಯುತ್ ಗಾಡಿಯನ್ನು ಮೋಟಾರು ವಾಹನವೆಂದೇ ಅವು ಎಣಿಸುವುದಿಲ್ಲ.

ಇನ್ನು ಗಾಲಿಗಳ ಮಾತು. ಮೂರು ಗಾಲಿಗಳು ನೆಲವನ್ನು ಮುಟ್ಟುವ ಬಿಂದುಗಳನ್ನು ಗೆರೆಯಿಂದ ಜೋಡಿಸಿದರೆ ತ್ರಿಕೋನವೊಂದು ಮೂಡುತ್ತದೆ. ಸವಾರ ಮತ್ತು ಗಾಡಿಯ ಒಟ್ಟು ಭಾರ ನಿಂತಿರುವಂತೆ ಭಾವಿಸಬಹುದಾದ ಗುರುತ್ವಕೇಂದ್ರದಿಂದ ಇಳಿಯುವ ಬಲದ ಗೆರೆ ಈ ತ್ರಿಕೋನದೊಳಗೆ ಬೀಳುವವರೆಗೆ ಗಾಡಿ ಮಗುಚದು. ಎರಡು ಗಾಲಿಯ ಸೈಕಲ್ ತಿರುವಿನಲ್ಲಿ ಒಳಕ್ಕೆ ವಾಲಿ ಸರಿದೂಗಿಸಿಕೊಳ್ಳುತ್ತದೆ, ಗಟ್ಟಿ ಚೌಕಟ್ಟಿನ ತ್ರಿಚಕ್ರ ಹಾಗೆ ವಾಲಲಾರದು. ಒಂದು ಗಾಲಿ ಮುಂದೆ, 75 ಸೆಂಟಿಮೀಟರ್ ಅಂತರದಲ್ಲಿ ಎರಡು ಗಾಲಿ ಹಿಂದೆ ಇದ್ದು, ಗುರುತ್ವಕೇಂದ್ರ 70 ಸೆಂಟಿಮೀಟರ್ ಎತ್ತರದಲ್ಲಿ, ಗಾಡಿಯ ಉದ್ದದ ಮೂರರಲ್ಲಿ ಎರಡು ಪಾಲು ಹಿಂದಕ್ಕೆ ಇದ್ದರೆ, ಅಲ್ಲಿ ತ್ರಿಕೋನದ ಅರ್ಧ ಅಗಲ ಬರೀ 25 ಸೆಂಟಿಮೀಟರ್. ಅಂಥ ಗಾಡಿ 5 ಮೀಟರ್ ತ್ರಿಜ್ಯದ ತಿರುವಿನಲ್ಲಿ ಗಂಟೆಗೆ 15 ಕಿಲೋಮೀಟರ್ ವೇಗಕ್ಕೇ ಒಳಗಾಲಿಯನ್ನು ಎತ್ತುವ ಅಂಚಿಗೆ ಬರುತ್ತದೆ. ಹೊರಕ್ಕೆ ತಳ್ಳುವ ಬಲ ವೇಗದ ವರ್ಗದಂತೆ ಬೆಳೆಯುವುದರಿಂದ, ವೇಗವನ್ನು ಹತ್ತಕ್ಕೆ ಇಳಿಸಿದರೆ ಆ ಬಲ ಅರ್ಧಕ್ಕಿಂತಲೂ ಕೆಳಗಿಳಿಯುತ್ತದೆ. ಮೂರು ಗಾಲಿ ಇದ್ದ ಮಾತ್ರಕ್ಕೆ ಬೀಳುವುದಿಲ್ಲವೆಂಬ ನಂಬಿಕೆ ಅಪಾಯಕರವೆಂದು ಒತ್ತಿ ಹೇಳಬೇಕಾಗಿದೆ. ಎರಡು ಗಾಲಿಗಳನ್ನು ಮುಂದಿಟ್ಟು, ಆಸನವನ್ನು ತಗ್ಗಿಸಿ ಅವುಗಳ ಸಮೀಪಕ್ಕೆ ತಂದರೆ ಸ್ಥಿರತೆ ಹೆಚ್ಚುತ್ತದೆ, ತಿರುವಿನಲ್ಲಿ ಬ್ರೇಕು ಹಾಕಿದಾಗಲಂತೂ ಅದರ ಪ್ರಯೋಜನ ಎದ್ದುಕಾಣುತ್ತದೆ.

ಮದರಾಸಿನ ಐಐಟಿಯಲ್ಲಿ ಪ್ರೊ. ಸುಜಾತಾ ಶ್ರೀನಿವಾಸನ್ ಅವರ ನೇತೃತ್ವದ ಟಿಟಿಕೆ ಪುನರ್ವಸತಿ ಸಂಶೋಧನಾ ಕೇಂದ್ರ ಮತ್ತು ನಿಯೋಮೋಷನ್ ಸಂಸ್ಥೆ 2021ರಲ್ಲಿ ಹೊರತಂದ ನಿಯೋಬೋಲ್ಟ್ ಬೇರೆಯೇ ದಾರಿ ಹಿಡಿಯಿತು. ಗಾಲಿಕುರ್ಚಿಯ ಮುಂದಕ್ಕೆ ಸಿಕ್ಕಿಸುವ ಮೋಟಾರು ಗಾಲಿ ಅದು. ಕೂತವರು ಕುರ್ಚಿಯಿಂದ ಏಳದೆಯೇ ಗಂಟೆಗೆ 25 ಕಿಲೋಮೀಟರ್ ವೇಗದ ವಾಹನ ಸಿದ್ಧವಾಗುತ್ತದೆ. ಕುರ್ಚಿಯಿಂದ ಗಾಡಿಗೆ, ಗಾಡಿಯಿಂದ ಕುರ್ಚಿಗೆ ದೇಹವನ್ನು ದಾಟಿಸುವ ಶ್ರಮವನ್ನು ಬಲ್ಲವರು ಇದರ ಹಿರಿಮೆಯನ್ನು ಕೂಡಲೇ ಗುರುತಿಸುತ್ತಾರೆ. ಆದರೆ ಮುಂದಿನ ಗಾಲಿಯೇ ಎಳೆಯುವ ಯಾವ ಗಾಡಿಗೂ ಏರಿನಲ್ಲಿ ಒಂದು ತೊಡಕಿದೆ: ಭಾರ ಹಿಂದಕ್ಕೆ ಸರಿದು, ಎಳೆಯಬೇಕಾದ ಗಾಲಿಯೇ ಹಗುರಾಗುತ್ತದೆ. 12ಕ್ಕೆ 1ರ ಇಳಿಜಾರಿನಲ್ಲಿ, ಒಟ್ಟು ತೂಕದ ಕಾಲು ಭಾಗವಷ್ಟೇ ಮುಂಗಾಲಿಯ ಮೇಲಿದ್ದರೆ, ಜಾರದಿರಲು ಬೇಕಾದ ಘರ್ಷಣೆಯ ಗುಣಾಂಕ, ಎಂದರೆ ಹಿಡಿತಬಲಕ್ಕೂ ಗಾಲಿಯ ಮೇಲಿನ ಭಾರಕ್ಕೂ ಇರುವ ಪ್ರಮಾಣ, ಸುಮಾರು 0.4. ಒಣ ರಸ್ತೆ ಇದನ್ನು ಧಾರಾಳವಾಗಿ ಒದಗಿಸುತ್ತದೆ. ಜುಲೈ ಮಳೆಯಲ್ಲಿ ಕೆಸರು ಮೆತ್ತಿದ ನುಣುಪು ಹಾಸುಗಲ್ಲು ಒದಗಿಸುವುದೆಂಬ ಭರವಸೆ ಇಲ್ಲ. ಅಂಥಲ್ಲಿ ಸವಾರರು ಮೈಯನ್ನು ಮುಂದಕ್ಕೆ ಬಾಗಿಸಬೇಕಾಗುತ್ತದೆ, ಮುಂಡದ ಸ್ನಾಯುಗಳು ಸೋತವರಿಗೆ ಅದೂ ಸುಲಭವಲ್ಲ.

ಸ್ಥಿರತೆಗಾಗಿ ಗಾಲಿಗಳ ನಡುವಣ ಅಂತರ ಹಿಗ್ಗಬೇಕು, ಚಾಳಿನ ಓಣಿ ಮತ್ತು ಮನೆಯ ಬಾಗಿಲುಗಳಿಗಾಗಿ ಅದೇ ಅಂತರ ಕುಗ್ಗಬೇಕು. ಆಸನ ತಗ್ಗಿದಷ್ಟೂ ಗಾಡಿ ಭದ್ರ, ಆದರೆ ಸುಮಾರು 50 ಸೆಂಟಿಮೀಟರ್ ಎತ್ತರದ ಗಾಲಿಕುರ್ಚಿಯಿಂದ ಅದಕ್ಕೆ ಇಳಿಯುವುದೂ, ಮುಖ್ಯವಾಗಿ ಮರಳಿ ಏರುವುದೂ ಅಷ್ಟಷ್ಟು ಕಷ್ಟ. ಈ ಎಳೆದಾಟವನ್ನು ಲೋಹದ ಚೌಕಟ್ಟಿನಿಂದಷ್ಟೇ ಬಗೆಹರಿಸಲಾಗದ ಕಡೆ ನಿಯಂತ್ರಕವನ್ನು ದುಡಿಸಿಕೊಳ್ಳಬಹುದು: ಹ್ಯಾಂಡಲ್ ಎಷ್ಟು ತಿರುಗಿದೆಯೆಂಬುದನ್ನು ಅಳೆಯುವ ಪುಟ್ಟ ಸಂವೇದಕವೊಂದನ್ನು ಸೇರಿಸಿ, ತಿರುವು ಬಿಗಿಯಾದಂತೆ ಮೋಟಾರಿನ ನೆರವು ತಾನಾಗಿ ತಗ್ಗುವಂತೆ ಮಾಡುವುದು ಇಂದಿನ ತಂತ್ರಜ್ಞಾನಕ್ಕೆ ಭಾರವಾದ ಕೆಲಸವಲ್ಲ.